ಹಿತ್ತಲಲ್ಲಿ ಕುಫ್ರಿ ಜ್ಯೋತಿ: ದೀಪಾವಳಿಗೆ ನೆಟ್ಟು ಶಿವರಾತ್ರಿಯೊಳಗೆ ಅಗೆಯುವ ಆಲೂಗಡ್ಡೆ

ನಮ್ಮ ಚಿಂತಾಮಣಿ ಕಡೆ ಮನೆಗಳಲ್ಲಿ ಆಲೂಗಡ್ಡೆ ಅನ್ನುವವರು ಕಡಿಮೆ. ಉರ್ಲಗಡ್ಡೆ ಅಂದರೇ ನಾಲಿಗೆಗೆ ಸಲೀಸು. ಅವರೆಕಾಯಿ ಕಾಲದಲ್ಲಿ ಸಾರಿಗೆ ಎರಡು ಉರ್ಲಗಡ್ಡೆ ಬೀಳಲಿಲ್ಲ ಅಂದರೆ ಅಮ್ಮನಿಗೆ ಅದು ಸಾರೇ ಅಲ್ಲ. ಹೀಗಿದ್ದರೂ ಹಿತ್ತಲಲ್ಲಿ ಬದನೆ, ಮೆಣಸಿನಕಾಯಿ, ದಂಟು, ಹೀರೆಕಾಯಿ ಎಲ್ಲ ಬೆಳೆಯುವವರು ಆಲೂಗಡ್ಡೆಗೆ ಮಾತ್ರ ಕೈ ಹಾಕುವುದಿಲ್ಲ. ಅದು ಹೊಲದ ಬೆಳೆ, ಮನೆಯಲ್ಲಿ ಆಗುವುದಿಲ್ಲ ಅನ್ನುತ್ತಾರೆ. ಆಗುತ್ತದೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಜಾಗ ಇದ್ದರೆ ಮೂರು ಕಿಲೋ ಬಿತ್ತನೆ ಗಡ್ಡೆಗೆ ಹದಿನೈದು ಕಿಲೋ ಅಗೆಯಬಹುದು. ಮಳೆ, ಮೋಡ ಕೈಕೊಡದಿದ್ದರೆ ಇನ್ನೂ ಸ್ವಲ್ಪ ಜಾಸ್ತಿಯೇ.

ನನಗೆ ಮೊದಲ ಸಲ ಏನೂ ಸಿಗಲಿಲ್ಲ. ಅಂಗಡಿಯಿಂದ ತಂದ ಗಡ್ಡೆಯಲ್ಲಿ ಮೊಳಕೆ ಕಂಡಿತೆಂದು ಮಾರ್ಚ್ ತಿಂಗಳಲ್ಲಿ, ಆಗಷ್ಟೇ ಟೊಮೆಟೊ ಕಿತ್ತಿದ್ದ ಮಡಿಯಲ್ಲೇ ಹೂತಿದ್ದೆ. ಗಿಡ ಎದೆ ತುಂಬುವ ಹಾಗೆ ಹಸಿರಾಗಿ ಬಂತು. ಮೇ ತಿಂಗಳಲ್ಲಿ ಅಗೆದಾಗ ಬುಡದಲ್ಲಿ ಗೋಲಿ ಗಾತ್ರದ ನಾಲ್ಕೈದು ಗಡ್ಡೆ, ಬಿಟ್ಟರೆ ಬರೀ ಬೇರು. ಆಗ ಮಾಡಿದ್ದು ಮೂರು ತಪ್ಪು: ಬೀಜ ಸರಿ ಇಲ್ಲ, ಕಾಲ ಸರಿ ಇಲ್ಲ, ಜಾಗ ಸರಿ ಇಲ್ಲ. ಈ ಮೂರನ್ನು ಸರಿಮಾಡಿಕೊಂಡ ವರ್ಷದಿಂದ ಗಡ್ಡೆ ಕಾಣದ ವರ್ಷವಿಲ್ಲ. ಗೊಬ್ಬರ, ಔಷಧಿ, ಆರೈಕೆ ಎಲ್ಲ ಆಮೇಲಿನ ಮಾತು. ಅದಕ್ಕೇ ಈ ಬರಹದಲ್ಲಿ ಅರ್ಧಕ್ಕರ್ಧ ನೆಡುವುದಕ್ಕೆ ಮುಂಚಿನ ಕೆಲಸದ ಬಗ್ಗೆಯೇ ಇದೆ.

ಯಾಕೆ ಕುಫ್ರಿ ಜ್ಯೋತಿ

ಕುಫ್ರಿ ಅನ್ನುವುದು ಶಿಮ್ಲಾ ಪಕ್ಕದ ಒಂದು ಊರು. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡುವ ತಳಿಗಳಿಗೆಲ್ಲ ಆ ಊರಿನ ಹೆಸರೇ ಮುಂದೆ ಸೇರಿಕೊಂಡು ಬರುತ್ತದೆ. ಜ್ಯೋತಿ ಬಿಡುಗಡೆಯಾದದ್ದು 1968ರಲ್ಲಿ. ಅದಾದ ಮೇಲೆ ಎಷ್ಟೋ ತಳಿ ಬಂದವು, ಹೋದವು. ಹಾಸನ, ಚಿಕ್ಕಬಳ್ಳಾಪುರ, ಕೋಲಾರದ ರೈತರು ಇದನ್ನು ಮಾತ್ರ ಬಿಟ್ಟಿಲ್ಲ. ತಿಳಿ ಬಣ್ಣದ ನಯವಾದ ಸಿಪ್ಪೆ, ಮೊಟ್ಟೆಯ ಆಕಾರ, ಆಳವಿಲ್ಲದ ಕಣ್ಣು. ಸಿಪ್ಪೆ ಹೆರೆಯುವಾಗ ಗಡ್ಡೆ ಹಾಳಾಗುವುದಿಲ್ಲ. ನಮ್ಮಲ್ಲಿ 90ರಿಂದ 100 ದಿನಕ್ಕೆ ಕೈಗೆ ಬರುತ್ತದೆ. ಬಿಸಿಲು ಒಂದೆರಡು ದಿನ ಏರಿದರೂ, ನೀರು ಒಂದು ಸಲ ತಪ್ಪಿದರೂ ಪೂರ್ತಿ ಕೈಬಿಡುವುದಿಲ್ಲ. ಮನೆಯವರಿಗೆ ಬೇಕಾದದ್ದು ಈ ತಾಳಿಕೆ.

ಒಂದು ವಿಷಯ ಮುಚ್ಚಿಡದೆ ಹೇಳಬೇಕು. ಜ್ಯೋತಿ ಬಿಡುಗಡೆಯಾದಾಗ, ಎಲೆ ಕಪ್ಪಾಗಿಸಿ ಗಿಡವನ್ನೇ ಸುಡುವ ಅಂಗಮಾರಿ ರೋಗವನ್ನು ತಡೆದುಕೊಳ್ಳುತ್ತದೆ ಅನ್ನುವುದೇ ಅದರ ದೊಡ್ಡ ಹೆಸರಾಗಿತ್ತು. ಈಗ ಆ ಶಕ್ತಿ ಉಳಿದಿಲ್ಲ. ರೋಗದ ಶಿಲೀಂಧ್ರ ಬದಲಾಗುತ್ತಾ ಹೋಯಿತು, ತಳಿ ಇದ್ದಲ್ಲೇ ಇತ್ತು. ಅಂಗಮಾರಿ ಕಾಟ ಪ್ರತಿ ವರ್ಷ ಇರುವ ಜಾಗದಲ್ಲಿ ಕುಫ್ರಿ ಹಿಮಾಲಿನಿ ಅಥವಾ ಕುಫ್ರಿ ಗಿರಿಧಾರಿ ಬೀಜ ಸಿಕ್ಕರೆ ನೋಡಬಹುದು. ಸಿಗುವುದೇ ಕಷ್ಟ. ಜ್ಯೋತಿಯಾದರೆ ಯಾವುದಾದರೊಬ್ಬ ರೈತರ ಹತ್ತಿರ ಇದ್ದೇ ಇರುತ್ತದೆ. ಕೈಗೆ ಸಿಗುವ ಬೀಜವೇ ನಂಬಿಕೆಯ ಬೀಜ ಅಂತ ನಾನು ಜ್ಯೋತಿಯಲ್ಲೇ ಉಳಿದಿದ್ದೇನೆ.

ತಾರೀಖು

ಆಲೂಗಡ್ಡೆ ಗಿಡಕ್ಕೆ ಹಗಲಿನ ಬಿಸಿಲು ಬೇಕು, ರಾತ್ರಿಯ ತಂಪೂ ಬೇಕು. ಹಗಲು ಎಲೆ ಮಾಡಿಟ್ಟ ಸಕ್ಕರೆಯನ್ನು ತಂಪು ರಾತ್ರಿಯಲ್ಲಿ ಗಿಡ ಕೆಳಗಿಳಿಸಿ ಗಡ್ಡೆಯಲ್ಲಿ ಪಿಷ್ಟವಾಗಿ ಕೂಡಿಡುತ್ತದೆ. ರಾತ್ರಿ 20 ಡಿಗ್ರಿಗಿಂತ ಕೆಳಗಿದ್ದರೆ ಈ ಕೆಲಸ ಚೆನ್ನಾಗಿ ನಡೆಯುತ್ತದೆ. ರಾತ್ರಿಯೂ ಸೆಖೆ, ಮಣ್ಣೂ ಬಿಸಿ ಅಂತಾದರೆ ಗಿಡ ಎಲೆ, ದಂಟು ಬೆಳೆಸುತ್ತಾ ಕೂತುಬಿಡುತ್ತದೆ, ಗಡ್ಡೆ ಕಟ್ಟುವುದಿಲ್ಲ. ನನ್ನ ಮಾರ್ಚ್ ತಿಂಗಳ ಬೆಳೆಗೆ ಆದದ್ದು ಇದೇ.

ನಮ್ಮದು ಎತ್ತರದ ಬಯಲು ಸೀಮೆ. ಕೋಲಾರ, ಚಿಕ್ಕಬಳ್ಳಾಪುರ ಊರುಗಳು ಸಮುದ್ರ ಮಟ್ಟದಿಂದ ಎಂಟುನೂರು ಮೀಟರಿಗೂ ಮೇಲಿವೆ. ನವೆಂಬರಿನಿಂದ ಜನವರಿ ಕೊನೆಯವರೆಗೆ ಇಲ್ಲಿನ ರಾತ್ರಿಗಳು ಆಲೂಗಡ್ಡೆಗೆ ಹೇಳಿ ಮಾಡಿಸಿದ ಹಾಗಿರುತ್ತವೆ. ಆ ಮೂರು ತಿಂಗಳು ಗಡ್ಡೆ ಕಟ್ಟುವ, ದಪ್ಪವಾಗುವ ದಿನಗಳಾಗಬೇಕು. ಅದಕ್ಕೆ ಅಕ್ಟೋಬರ್ 20ರಿಂದ ನವೆಂಬರ್ 15ರ ಒಳಗೆ ನೆಟ್ಟು ಮುಗಿಸಿ. ದೀಪಾವಳಿ ಆಸುಪಾಸು ಅಂತ ನೆನಪಿಟ್ಟುಕೊಂಡರೆ ಸಾಕು. ಡಿಸೆಂಬರಿಗೆ ತಳ್ಳಿದರೆ ಕೊನೆಯ ತಿಂಗಳು ಫೆಬ್ರವರಿ, ಮಾರ್ಚಿನ ಬಿಸಿಲಿಗೆ ಸಿಕ್ಕಿ ಗಡ್ಡೆ ಸಣ್ಣದಾಗುತ್ತದೆ. ಮುಂಗಾರಿನಲ್ಲಿ, ಅಂದರೆ ಮೇ ಕೊನೆ, ಜೂನ್‌ನಲ್ಲಿ ಹಾಕುವ ಪದ್ಧತಿಯೂ ಇದೆ. ಹಾಸನದ ಕಡೆ ಅದೇ ಮುಖ್ಯ ಬೆಳೆ. ಮಳೆಗಾಲದ ಬೆಳೆಯಲ್ಲಿ ರೋಗದ ಹಿಂದೆ ಓಡುವುದೇ ಕೆಲಸವಾಗುತ್ತದೆ. ಮೊದಲ ಸಲ ಬೆಳೆಯುವವರು ಚಳಿಗಾಲಕ್ಕೇ ಕಾಯಿರಿ.

ಬಿತ್ತನೆ ಗಡ್ಡೆ

ಅಂಗಡಿ ಗಡ್ಡೆ ಯಾಕೆ ಬೇಡ? ತಿನ್ನುವ ಗಡ್ಡೆಯನ್ನು ಶೀತಲಗೃಹದಲ್ಲಿ ಇಡುವಾಗ ಮೊಳಕೆ ಬರದ ಹಾಗೆ ಔಷಧಿ ಹಾಕಿರುವುದುಂಟು. ಅದು ನೆಲದಲ್ಲಿ ಕೊಳೆಯುತ್ತದೆಯೇ ಹೊರತು ಹುಟ್ಟುವುದಿಲ್ಲ. ಯಾವ ತಳಿ ಅಂತಲೂ ಗೊತ್ತಾಗುವುದಿಲ್ಲ. ಎಲ್ಲಕ್ಕಿಂತ ದೊಡ್ಡ ತೊಂದರೆ ಕಣ್ಣಿಗೆ ಕಾಣದ ನಂಜು. ಆಲೂಗಡ್ಡೆಯಲ್ಲಿ ತಾಯಿಗೆ ಇದ್ದ ರೋಗವೆಲ್ಲ ಮಗುವಿಗೆ ಬರುತ್ತದೆ. ಎಲೆ ಸುರುಳಿ ನಂಜು (ವೈರಸ್), ಗಿಡ ಬಾಡಿಸುವ ಸೊರಗು ರೋಗದ ಬ್ಯಾಕ್ಟೀರಿಯಾ ಎಲ್ಲವೂ ಗಡ್ಡೆಯೊಳಗೇ ಕೂತು ನಿಮ್ಮ ಹಿತ್ತಲಿಗೆ ಬರುತ್ತವೆ. ಒಮ್ಮೆ ಸೊರಗು ರೋಗ ಮಣ್ಣಿಗೆ ಇಳಿಯಿತೆಂದರೆ ವರ್ಷಗಟ್ಟಲೆ ಹೋಗುವುದಿಲ್ಲ.

ನಮ್ಮ ಕಡೆಗೆ ಬಿತ್ತನೆ ಗಡ್ಡೆ ಬಹುಪಾಲು ಪಂಜಾಬಿನ ಜಲಂಧರ್ ಭಾಗದಿಂದ ಬರುತ್ತದೆ, 50 ಕಿಲೋ ಮೂಟೆಯಲ್ಲಿ. ಮನೆಗೆ ಬೇಕಾದದ್ದು ಮೂರು ಕಿಲೋ. ಅಷ್ಟಕ್ಕೆ ಮೂಟೆ ಬಿಚ್ಚಿ ಕೊಡುವ ವ್ಯಾಪಾರಿ ಸಿಗುವುದಿಲ್ಲ. ಅದಕ್ಕೆ ನಾನು ಕಂಡುಕೊಂಡ ದಾರಿ, ಊರ ಹೊರಗೆ ಆಲೂಗಡ್ಡೆ ಹಾಕುವ ರೈತರನ್ನು ಸೆಪ್ಟೆಂಬರಿನಲ್ಲೇ ಮಾತಾಡಿಸಿಡುವುದು. ಅವರು ಮೂಟೆ ತಂದ ದಿನ ಅದೇ ಬೆಲೆಗೆ ಮೂರು ಕಿಲೋ ಆರಿಸಿಕೊಳ್ಳುತ್ತೇನೆ. ಇಲ್ಲವಾದರೆ ನಾಲ್ಕೈದು ಮನೆಯವರು ಸೇರಿ ಅರ್ಧ ಮೂಟೆ ಹಂಚಿಕೊಳ್ಳಬಹುದು. ಕೋಲಾರದವರಿಗೆ ಟಮಕದಲ್ಲಿ, ನಮಗೆ ಚಿಂತಾಮಣಿ ಹತ್ತಿರದ ಕುರುಬೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಆ ವರ್ಷ ಒಳ್ಳೆಯ ಬೀಜ ಎಲ್ಲಿ ಬಂದಿದೆ ಅಂತ ಅಲ್ಲಿ ವಿಚಾರಿಸಿದರೆ ತಿಳಿಯುತ್ತದೆ.

ಆರಿಸುವಾಗ ಕೋಳಿಮೊಟ್ಟೆ ಗಾತ್ರದ್ದು, 40 ಗ್ರಾಮ್ ಆಸುಪಾಸಿನದ್ದು ನೋಡಿ. ಇಡೀ ಗಡ್ಡೆಯನ್ನೇ ನೆಡುವುದು ಎಲ್ಲಕ್ಕಿಂತ ಒಳ್ಳೆಯದು. ಕೊಯ್ದರೆ ಗಾಯ, ಗಾಯವಾದರೆ ಕೊಳೆ. ಒತ್ತಿದರೆ ಮೆತ್ತಗಾಗುವುದು, ತೊಟ್ಟಿನ ಜಾಗದಲ್ಲಿ ಒದ್ದೆ ಇರುವುದು, ಕಣ್ಣಿನಲ್ಲಿ ಮಣ್ಣು ಅಂಟಿಕೊಂಡು ಜಿನುಗುವುದು ಬೇಡವೇ ಬೇಡ. ಆ ಜಿನುಗು ಸೊರಗು ರೋಗದ ಗುರುತು. ಅಂಥದ್ದು ಒಂದು ಸಿಕ್ಕರೂ ಆ ಮೂಟೆಯಿಂದ ನಾನು ಕೊಳ್ಳುವುದಿಲ್ಲ.

ಮೊಳಕೆ ಬರಿಸುವುದು ಇನ್ನೊಂದು ಹದ. ಹೊಸದಾಗಿ ಅಗೆದ ಗಡ್ಡೆ ಎರಡು, ಎರಡೂವರೆ ತಿಂಗಳು ನಿದ್ದೆಯಲ್ಲಿರುತ್ತದೆ. ಆಗ ನೆಟ್ಟರೂ ಏಳುವುದಿಲ್ಲ. ಶೀತಲಗೃಹದಿಂದ ಬಂದದ್ದಕ್ಕೆ ನಿದ್ದೆ ಮುಗಿದಿರುತ್ತದೆ, ಆದರೆ ಮೈ ತಣ್ಣಗಿರುತ್ತದೆ. ತಂದ ದಿನವೇ ನೆಡಬೇಡಿ. ಹಳೆಯ ಮೊರ ಅಥವಾ ಹಣ್ಣಿನ ಟ್ರೇಯಲ್ಲಿ ಒಂದೇ ಪದರ ಹರಡಿ, ಬಿಸಿಲು ನೇರ ಬೀಳದ, ಬೆಳಕು ಬರುವ ಜಗಲಿಯಲ್ಲಿ ಹತ್ತು ಹದಿನೈದು ದಿನ ಇಡಿ. ನಾನು ಮೊದಲು ಕತ್ತಲೆ ಕೋಣೆಯಲ್ಲಿ ಇಡುತ್ತಿದ್ದೆ. ಕೈವಾರದ ಕಡೆಯ ರೈತರೊಬ್ಬರು ಬೀಜ ಕೊಡುವಾಗ ಹೇಳಿದ್ದು ಇದು: "ಮೊಳಕೆ ಗಿಡ್ಡಕೆ, ದಪ್ಪಕೆ, ಹಸ್ರಾಗಿರ್ಬೇಕು ಕಣಣ್ಣ. ಕತ್ಲಲ್ಲಿಟ್ರೆ ಬೆಳ್ಳಕೆ ಉದ್ದ ಬರ್ತದೆ, ಕೈಲಿ ಹಿಡಿದ್ರೆ ಮುರಿದೋಗ್ತದೆ." ಅವರ ಅಂಗೈಯಲ್ಲಿದ್ದ ಗಡ್ಡೆಯ ಮೇಲೆ ಅರ್ಧ ಇಂಚಿನ ಮೊಳಕೆಗಳು, ಬುಡದಲ್ಲಿ ನೇರಳೆ ಛಾಯೆ, ತುದಿಯಲ್ಲಿ ಎಳೆ ಹಸಿರು, ಬುಡದ ಸುತ್ತ ಬೇರಿನ ಗಂಟುಗಳು ಮಣಿಯಂತೆ ಕೂತಿದ್ದವು. ಅಂಥ ಮೊಳಕೆ ಇರುವ ಗಡ್ಡೆ ನೆಟ್ಟರೆ ಗಿಡ ಹತ್ತು ದಿನ ಮುಂಚೆ ಮೇಲೆ ಬರುತ್ತದೆ.

ಗಡ್ಡೆ ದೊಡ್ಡದಿದ್ದು ಕೊಯ್ಯಲೇಬೇಕಾದರೆ ಹೇಗೆ ಕೊಯ್ಯುತ್ತೀರಿ ಅನ್ನುವುದು ಮುಖ್ಯ. ಆಲೂಗಡ್ಡೆ ಬೇರಲ್ಲ, ಉಬ್ಬಿದ ಕಾಂಡ. ಅದಕ್ಕೆ ತಲೆ, ಬುಡ ಎರಡೂ ಇವೆ. ತಾಯಿ ಗಿಡಕ್ಕೆ ಅಂಟಿಕೊಂಡಿದ್ದ ಗುರುತು ಇರುವುದು ಬುಡ, ಅದರ ಎದುರು ತುದಿ ತಲೆ. ಕಣ್ಣುಗಳು ತಲೆಯ ಕಡೆ ಒತ್ತೊತ್ತಾಗಿ ಇರುತ್ತವೆ, ಅಲ್ಲಿನ ಮೊಳಕೆಗೇ ಜೋರು ಹೆಚ್ಚು. ಅಡ್ಡಕ್ಕೆ ಕೊಯ್ದರೆ ಒಂದು ಹೋಳಿಗೆ ಎಲ್ಲ ಜೋರು, ಇನ್ನೊಂದಕ್ಕೆ ಏನೂ ಇಲ್ಲ. ಉದ್ದಕ್ಕೆ, ತಲೆಯಿಂದ ಬುಡಕ್ಕೆ ಸೀಳಬೇಕು. ಪ್ರತಿ ಹೋಳಿನಲ್ಲೂ ಎರಡು ಮೂರು ಕಣ್ಣು, ತೂಕ 30 ಗ್ರಾಮ್‌ಗೆ ಕಡಿಮೆ ಇರಬಾರದು. ಒಂದೊಂದು ಗಡ್ಡೆ ಕೊಯ್ದ ಮೇಲೂ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ. ಒಂದು ಗಡ್ಡೆಯ ರೋಗ ಉಳಿದದ್ದಕ್ಕೆಲ್ಲ ಹರಡುವುದು ಚಾಕುವಿನಿಂದಲೇ. ಕೊಯ್ದ ಹೋಳುಗಳನ್ನು ನೆರಳಲ್ಲಿ ಎರಡು ದಿನ ಬಿಟ್ಟರೆ ಗಾಯದ ಮೇಲೆ ತೊಗಟೆಯಂಥ ಪೊರೆ ಕಟ್ಟುತ್ತದೆ. ಮುಟ್ಟಿದರೆ ಒಣಗಿದ ಕಾಗದದ ಹಾಗಿರಬೇಕು. ಆಮೇಲೆ ಲೀಟರ್ ನೀರಿಗೆ 3 ಗ್ರಾಮ್ ಮ್ಯಾಂಕೋಜೆಬ್ ಅನ್ನುವ ಶಿಲೀಂಧ್ರನಾಶಕ ಬೆರೆಸಿ ಹತ್ತು ನಿಮಿಷ ಅದ್ದಿ, ನೆರಳಲ್ಲಿ ಆರಿಸಿ ನೆಡಿ. ರಾಸಾಯನಿಕ ಬೇಡ ಅನ್ನುವವರು ಗಾಯದ ಮೇಲೆ ಜರಡಿ ಹಿಡಿದ ಒಲೆ ಬೂದಿ ಸವರುತ್ತಾರೆ, ಅದು ತೇವ ಹೀರುತ್ತದೆ. ಬೂದಿಯನ್ನು ಅಷ್ಟಕ್ಕೇ ನಿಲ್ಲಿಸಿ. ಮಡಿಗೆ ಬುಟ್ಟಿಗಟ್ಟಲೆ ಬೂದಿ ಸುರಿದರೆ ಮಣ್ಣಿನ ಹುಳಿ ತಗ್ಗಿ ಗಡ್ಡೆಯ ಮೇಲೆ ಕಜ್ಜಿ ಏಳುತ್ತದೆ. ಸುಣ್ಣವೂ ಅಷ್ಟೇ.

ಜಾಗ ಮತ್ತು ಮಣ್ಣು

ಕಳೆದ ಮೂರು ವರ್ಷದಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ, ದಪ್ಪಮೆಣಸು ಬೆಳೆದ ಜಾಗ ಬೇಡ. ಇವೆಲ್ಲ ಆಲೂಗಡ್ಡೆಯ ದಾಯಾದಿಗಳು, ಒಂದರ ರೋಗ ಇನ್ನೊಂದಕ್ಕೆ. ಟೊಮೆಟೊಗೇ ಹೆಸರಾದ ಸೀಮೆ ನಮ್ಮದು. ಹೀಗಾಗಿ ಹಿತ್ತಲಲ್ಲೂ ಟೊಮೆಟೊ ಕಾಣದ ಮೂಲೆ ಹುಡುಕುವುದು ಕಷ್ಟವೇ. ರಾಗಿ, ಜೋಳ, ಅಲಸಂದೆ, ಸೊಪ್ಪು ಬೆಳೆದ ಜಾಗ ಒಳ್ಳೆಯದು. ಚೆಂಡು ಹೂ ಬೆಳೆದ ಮಡಿ ಇದ್ದರೆ ಇನ್ನೂ ಒಳ್ಳೆಯದು. ಬೇರಿಗೆ ಗಂಟು ಕಟ್ಟಿಸುವ ಜಂತುಹುಳುವನ್ನು ಅದು ತಗ್ಗಿಸುತ್ತದೆ.

ದಿನಕ್ಕೆ ಆರು ಗಂಟೆ ಬಿಸಿಲು ಬೀಳಬೇಕು. ತೆಂಗು, ಮಾವಿನ ನೆರಳಲ್ಲಿ ಎಲೆ ಬರುತ್ತದೆ, ಗಡ್ಡೆ ಬರುವುದಿಲ್ಲ.

ನಮ್ಮ ಕೆಮ್ಮಣ್ಣಿಗೆ ನೀರು ಬೇಗ ಇಳಿದುಹೋಗುವ ಗುಣವಿದೆ. ಆಲೂಗಡ್ಡೆಗೆ ಅದು ಅನುಕೂಲ, ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ತೊಂದರೆ ಏನೆಂದರೆ ತೇವ ಉಳಿಯುವುದಿಲ್ಲ, ಒಣಗಿದರೆ ಇಟ್ಟಿಗೆಯಾಗುತ್ತದೆ. ಗಡ್ಡೆ ಉಬ್ಬಲು ಮಣ್ಣು ಸಡಿಲ ಇರಬೇಕು. ನೆಡುವುದಕ್ಕೆ ಮೂರು ವಾರ ಮುಂಚೆ ಒಂದು ಅಡಿ ಆಳ ಅಗೆದು ಕಲ್ಲು, ಗರಿಕೆ ಬೇರು ಆರಿಸಿ. ಹತ್ತಡಿ ಚೌಕಕ್ಕೆ 25 ಕಿಲೋ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ, ಒಂದು ಕಿಲೋ ಬೇವಿನ ಹಿಂಡಿ ಬೆರೆಸಿ. ಕೆರೆ ಗೋಡು ಸಿಕ್ಕರೆ ಎರಡು ಮಂಕರಿ ಹಾಕಿ, ತೇವ ಹಿಡಿಯುತ್ತದೆ. ಶಿಡ್ಲಘಟ್ಟದ ಕಡೆಯವರಿಗೆ ರೇಷ್ಮೆ ಹುಳದ ಹಿಕ್ಕೆ ಸಿಗುತ್ತದೆ. ಕೊಳೆತ ಮೇಲೆ ಅದರಂಥ ಗೊಬ್ಬರವಿಲ್ಲ. ಹಸಿ ಸಗಣಿ ಮಾತ್ರ ಹಾಕಬೇಡಿ. ಅದರಲ್ಲಿ ಗೊಣ್ಣೆಹುಳು ಬರುತ್ತದೆ, ಗಡ್ಡೆಗೆ ತೂತು ಕೊರೆಯುತ್ತದೆ. ಗೊಬ್ಬರ ಹರಡುವಾಗ ಬಿಳಿಯ, ಸುರುಳಿ ಸುತ್ತಿದ ಹುಳು ಕಂಡರೆ ಆರಿಸಿ ಕೋಳಿಗೆ ಹಾಕಿ.

ರಸಗೊಬ್ಬರ ಹಾಕುವವರಿಗೆ ನಾನು ಬಳಸುವ ಲೆಕ್ಕ: ನೆಡುವ ದಿನ 17:17:17 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ ಗೊಬ್ಬರ) ಅರ್ಧ ಕಿಲೋ, ಮಣ್ಣು ಏರಿಸುವ ದಿನ 60 ಗ್ರಾಮ್ ಯೂರಿಯಾ, 50 ಗ್ರಾಮ್ ಪೊಟ್ಯಾಷ್. ಯೂರಿಯಾ ಇದಕ್ಕಿಂತ ಹೆಚ್ಚಾದರೆ ಗಿಡ ಮೇಲೇ ಕೊಬ್ಬುತ್ತದೆ, ಗಡ್ಡೆ ತಡವಾಗುತ್ತದೆ. ಸಾವಯವದಲ್ಲೇ ಬೆಳೆಯುವವರು ಬೇವಿನ ಹಿಂಡಿಯನ್ನು ಎರಡು ಕಿಲೋ ಮಾಡಿ, ಮಣ್ಣು ಏರಿಸುವಾಗ ಐದು ಕಿಲೋ ಎರೆಗೊಬ್ಬರ ಕೊಡಿ. ಇಳುವರಿ ಸ್ವಲ್ಪ ಕಡಿಮೆ, ಅಷ್ಟೇ.

ನೆಡುವುದು

ಮಡಿಗೆ ಹಿಂದಿನ ದಿನ ನೀರು ಕೊಟ್ಟು ಹದ ಮಾಡಿ. ಹಿಡಿ ಮಣ್ಣು ತೆಗೆದು ಮುಷ್ಟಿ ಬಿಗಿದರೆ ಉಂಡೆಯಾಗಬೇಕು, ಬೆರಳಲ್ಲಿ ತಟ್ಟಿದರೆ ಪುಡಿಯಾಗಬೇಕು. ಎರಡು ಅಡಿಗೊಂದರಂತೆ ಐದು ಸಾಲು ಎಳೆಯಿರಿ. ಸಾಲಿನಲ್ಲಿ ಒಂದು ಗೇಣಿಗೆ, ಅಂದರೆ ಎಂಟು ಇಂಚಿಗೆ ಒಂದು ಗಡ್ಡೆ. ಸಾಲಿಗೆ ಹದಿನೈದರಂತೆ 75 ಗಡ್ಡೆ, ಮೂರು ಕಿಲೋ ಸರಿಹೋಗುತ್ತದೆ. ರಸಗೊಬ್ಬರವನ್ನು ಸಾಲಿನ ತಳದಲ್ಲಿ ಉದುರಿಸಿ ಮಣ್ಣು ಮುಚ್ಚಿ, ಅದರ ಮೇಲೆ ಗಡ್ಡೆ ಇಡಿ. ಗೊಬ್ಬರ ನೇರವಾಗಿ ತಾಗಿದರೆ ಮೊಳಕೆ ಸುಡುತ್ತದೆ. ಮೊಳಕೆ ಮೇಲ್ಮುಖವಾಗಿರಲಿ, ಹೋಳಾದರೆ ಕೊಯ್ದ ಭಾಗ ಕೆಳಗಿರಲಿ. ಎರಡರಿಂದ ಮೂರು ಇಂಚು ಮಣ್ಣು ಮುಚ್ಚಿ ಸಣ್ಣ ದಿಣ್ಣೆ ಕಟ್ಟಿ.

ಮೇಲೆ ತೆಳ್ಳಗೆ ರಾಗಿ ಹುಲ್ಲು ಹರಡಿದರೆ ಮಣ್ಣು ತಂಪಾಗಿರುತ್ತದೆ. ನಿಮ್ಮ ಹಿತ್ತಲಲ್ಲಿ ಗೆದ್ದಲು ಇದ್ದರೆ ಹುಲ್ಲು ಬೇಡ, ಒಣಹುಲ್ಲೇ ಅದಕ್ಕೆ ಕರೆಯೋಲೆ.

ನೆಲವಿಲ್ಲದವರು ಚೀಲದಲ್ಲಿ ಬೆಳೆಯಬಹುದು. ಒಂದೂವರೆ ಅಡಿ ಅಗಲದ ಚೀಲಕ್ಕೆ ಮೂರು ಗಡ್ಡೆ, ತಳದಲ್ಲಿ ನೀರು ಬಸಿಯಲು ತೂತು. ಕಪ್ಪು ಚೀಲ ತಾರಸಿಯ ಬಿಸಿಲಿಗೆ ಕಾಯುತ್ತದೆ, ಬಿಳಿ ಸಿಮೆಂಟ್ ಚೀಲ ಮೇಲು. ಗಿಡ ಬೆಳೆದ ಹಾಗೆಲ್ಲ ಮಣ್ಣು ತುಂಬುತ್ತಾ ಗೋಪುರ ಮಾಡಿದರೆ ಮಹಡಿ ಮಹಡಿಗೂ ಗಡ್ಡೆ ಬಿಡುತ್ತದೆ ಅನ್ನುವ ಮಾತು ಕೇಳಿರುತ್ತೀರಿ. ಜ್ಯೋತಿ ಅಂಥ ತಳಿಯಲ್ಲ. ಕೆಳಗಿನ ಕೆಲವು ಗೆಣ್ಣುಗಳಲ್ಲಿ ಒಂದು ಸಲ ಗಡ್ಡೆ ಕಟ್ಟಿ ಮುಗಿಸುತ್ತದೆ.

ನೀರು, ಮಣ್ಣು ಏರಿಸುವುದು

ಹದಿನೈದು ದಿನದೊಳಗೆ ಮಣ್ಣು ಬಿರುಕಿಟ್ಟು, ಸುಕ್ಕುಗಟ್ಟಿದ ಕಡುಹಸಿರು ಎಲೆ ಮೇಲೇಳುತ್ತದೆ. ಅಲ್ಲಿಯವರೆಗೆ ನೀರು ಕೈ ಹಿಡಿದು ಕೊಡಿ. ಹೆಚ್ಚಾದರೆ ಬೀಜವೇ ಕೊಳೆಯುತ್ತದೆ. ಗಿಡ ಬಂದ ಮೇಲೆ ಕೆಮ್ಮಣ್ಣಿನಲ್ಲಿ ಐದಾರು ದಿನಕ್ಕೊಮ್ಮೆ, ಹತ್ತಡಿ ಚೌಕಕ್ಕೆ 200 ಲೀಟರ್ ಲೆಕ್ಕದಲ್ಲಿ ಕೊಡಿ. 15 ಲೀಟರಿನ ಬಕೆಟ್ಟಿನಲ್ಲಿ ಹದಿಮೂರು ಹದಿನಾಲ್ಕು ಬಕೆಟ್. ದಿಣ್ಣೆಯ ನಡುವಿನ ಕಾಲುವೆಗೆ ಹರಿಸಿ, ದಿಣ್ಣೆಯ ಮುಕ್ಕಾಲು ಎತ್ತರ ಮೀರಬಾರದು. ಎಲೆಯ ಮೇಲೆ ಪೈಪಿನಿಂದ ಎರಚಬೇಡಿ, ರೋಗಕ್ಕೆ ನೀವೇ ಬಾಗಿಲು ತೆಗೆದ ಹಾಗಾಗುತ್ತದೆ.

ನೆಟ್ಟ 30ರಿಂದ 45ನೇ ದಿನದ ನಡುವೆ ನೀರು ತಪ್ಪಿಸಲೇಬಾರದು. ಆಗ ಬುಡದಿಂದ ಬಿಳಿಯ ದಾರದಂಥ ಕುಡಿಗಳು ಮಣ್ಣೊಳಗೆ ಅಡ್ಡಕ್ಕೆ ಚಾಚಿ, ಅದರ ತುದಿ ಕೊಕ್ಕೆಯ ಹಾಗೆ ಬಾಗಿ ಉಬ್ಬಲು ಶುರುವಾಗುತ್ತದೆ. ಒಂದು ಸಲ ಕುತೂಹಲಕ್ಕೆ ಅಂಚಿನ ಗಿಡದ ಬುಡ ಬೆರಳಲ್ಲಿ ಕೆದಕಿ ನೋಡಿದ್ದೆ. ಬೇರಿಗಿಂತ ದಪ್ಪನೆಯ, ಹಾಲಿನ ಬಣ್ಣದ ದಾರ, ತುದಿಯಲ್ಲಿ ಬಟಾಣಿಯಷ್ಟು ಗಡ್ಡೆ, ಅಷ್ಟು ಚಿಕ್ಕದರಲ್ಲೂ ಕಣ್ಣಿನ ಗುರುತು! ಆ ಹೊತ್ತಿನಲ್ಲಿ ಮಣ್ಣು ಒಣಗಿದರೆ ಗಡ್ಡೆಯ ಲೆಕ್ಕ ಅಲ್ಲೇ ಕಡಿಮೆಯಾಗುತ್ತದೆ. ಆಮೇಲೆ ಎಷ್ಟು ನೀರು ಕೊಟ್ಟರೂ ಸಂಖ್ಯೆ ಹೆಚ್ಚುವುದಿಲ್ಲ. ಇನ್ನು ಗಡ್ಡೆ ದಪ್ಪವಾಗುವಾಗ ಒಂದು ವಾರ ಒಣಗಿಸಿ ಒಮ್ಮೆಲೇ ತುಂಬ ನೀರು ಕೊಟ್ಟರೆ ಗಡ್ಡೆ ಸೀಳುತ್ತದೆ, ಶುಂಠಿಯ ಹಾಗೆ ಗುಬ್ಬೆ ಗುಬ್ಬೆಯಾಗುತ್ತದೆ.

ಗಿಡ ಒಂದು ಗೇಣು ಎತ್ತರವಾದಾಗ, ಸುಮಾರು 25ರಿಂದ 30ನೇ ದಿನಕ್ಕೆ, ಕಳೆ ತೆಗೆದು ಬುಡಕ್ಕೆ ಮಣ್ಣು ಏರಿಸಬೇಕು. ಆಲೂಗಡ್ಡೆಯಲ್ಲಿ ಇದನ್ನು ಬಿಟ್ಟರೆ ಬೆಳೆಯೇ ಬಿಟ್ಟ ಹಾಗೆ. ಅಡ್ಡಕ್ಕೆ ಚಾಚುವ ಕುಡಿ ಬೆಳಕು ಕಂಡರೆ ಗಡ್ಡೆಯಾಗದೆ ಎಲೆ ಬಿಟ್ಟು ಇನ್ನೊಂದು ಕೊಂಬೆಯಾಗಿಬಿಡುತ್ತದೆ. ಗಡ್ಡೆ ಆದಮೇಲೆ ಬೆಳಕು ಬಿದ್ದರೆ ಹಸಿರಾಗಿ ಸೋಲನಿನ್ ಅನ್ನುವ ವಿಷ ಕಟ್ಟುತ್ತದೆ. ಹಸಿರು ಗಡ್ಡೆ ಬೇಯಿಸಿದರೂ ಅದು ಹೋಗುವುದಿಲ್ಲ. ಹಿಂದಿನ ದಿನ ನೀರು ಕೊಟ್ಟು, ಮಣ್ಣು ಹದದಲ್ಲಿದ್ದಾಗ ಸನಿಕೆಯಿಂದ ಕಾಲುವೆಯ ಮಣ್ಣನ್ನು ಎರಡೂ ಕಡೆಯಿಂದ ಬುಡಕ್ಕೆ ಎಳೆಯಿರಿ. ಗಿಡದ ಅರ್ಧದಷ್ಟು ಮುಚ್ಚಿದರೂ ಭಯವಿಲ್ಲ. ದಿಣ್ಣೆಯ ನೆತ್ತಿ ಚೂಪಾಗಿರದೆ ಅಗಲವಾಗಿರಲಿ. ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಸ್ವಲ್ಪ ಏರಿಸಿ. ಆಮೇಲೆ ಬುಡ ಕೆದಕಬೇಡಿ.

ಜ್ಯೋತಿ ಬಿಳಿ ಹೂ ಬಿಡುತ್ತದೆ. ಕೆಲವೊಮ್ಮೆ ಸಣ್ಣ ಹಸಿರು ಟೊಮೆಟೊದಂಥ ಕಾಯಿಯೂ ಆಗುತ್ತದೆ. ಅದು ವಿಷ. ಮನೆಯಲ್ಲಿ ಮಕ್ಕಳಿದ್ದರೆ ಕಾಯಿ ಕಂಡ ತಕ್ಷಣ ಚಿವುಟಿ ಹಾಕಿ.

ಅಂಗಮಾರಿ, ಸೊರಗು, ಹೇನು

ನವೆಂಬರ್, ಡಿಸೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನಮಗೆ ಮೂರು ದಿನ ಮೋಡ, ಜಡಿಮಳೆ, ಥಂಡಿ. ಅಂಗಮಾರಿಗೆ ಬೇಕಾದದ್ದೂ ಅದೇ. ತಂಪು, ಎಲೆಯ ಮೇಲೆ ಆರದ ತೇವ. ಎಲೆಯ ಅಂಚಿನಲ್ಲೋ ತುದಿಯಲ್ಲೋ ಬಿಸಿನೀರು ಬಿದ್ದಂಥ ಮಚ್ಚೆ ಕಾಣಿಸಿ, ಸಂಜೆಗೆ ಕಂದು, ಮಾರನೆಯ ದಿನಕ್ಕೆ ಕಪ್ಪಾಗುತ್ತದೆ. ಬೆಳಿಗ್ಗೆ ಇಬ್ಬನಿ ಆರುವ ಮುಂಚೆ ಎಲೆ ತಿರುಗಿಸಿ ನೋಡಿ. ಮಚ್ಚೆಯ ಸುತ್ತ ಬಿಳಿ ಬೂಷ್ಟಿನ ಗೆರೆ ಇದ್ದರೆ ಅಂಗಮಾರಿಯೇ. ನಾಲ್ಕೈದು ದಿನದಲ್ಲಿ ಇಡೀ ಮಡಿ ಸುಟ್ಟಂತಾಗುತ್ತದೆ. 1845ರಲ್ಲಿ ಐರ್ಲೆಂಡಿನ ಬೆಳೆಯನ್ನು ಅಳಿಸಿ, ಆಮೇಲಿನ ವರ್ಷಗಳಲ್ಲಿ ಲಕ್ಷಾಂತರ ಜನರ ಪ್ರಾಣ ತೆಗೆದ ಬರಗಾಲಕ್ಕೆ ಕಾರಣವಾದದ್ದು ಈ ರೋಗವೇ. ಹಿತ್ತಲಿನ ಹತ್ತಡಿಯಲ್ಲೂ ಅದನ್ನು ಹಗುರವಾಗಿ ಕಾಣಬಾರದು.

ರೋಗ ಬಂದಮೇಲೆ ಓಡಾಡಿ ಪ್ರಯೋಜನ ಕಡಿಮೆ. ಹವಾಮಾನ ವರದಿಯಲ್ಲಿ ಚಂಡಮಾರುತದ ಸುದ್ದಿ ಬಂದ ದಿನವೇ, ಮಳೆ ಶುರುವಾಗುವ ಮುಂಚೆ, ಲೀಟರಿಗೆ 2 ಗ್ರಾಮ್ ಮ್ಯಾಂಕೋಜೆಬ್ ಅಥವಾ ಶೇಕಡ 1ರ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ನೀರು) ಎಲೆಯ ಮೇಲೆ ಕೆಳಗೆ ನೆನೆಯುವಂತೆ ಸಿಂಪಡಿಸಿ. ಮೋಡ ಮುಂದುವರಿದರೆ ವಾರ, ಹತ್ತು ದಿನಕ್ಕೆ ಇನ್ನೊಮ್ಮೆ. ಮೂಗಿಗೆ ಬಟ್ಟೆ, ಕೈಗೆ ಗ್ಲೌಸ್ ಇರಲಿ, ಪಕ್ಕದ ಮಡಿಯ ಸೊಪ್ಪಿಗೆ ಬೀಳದಂತೆ ಅಡ್ಡ ಹಿಡಿಯಿರಿ. ಔಷಧಿ ಹೊಡೆದ ಮೇಲೆ ಅಗೆಯಲು ಎಷ್ಟು ದಿನ ಕಾಯಬೇಕೆಂದು ಡಬ್ಬದ ಮೇಲೆ ಬರೆದಿರುತ್ತದೆ, ಅದನ್ನು ಪಾಲಿಸಿ. ಔಷಧಿ ಹೊಡೆಯುವುದೇ ಇಲ್ಲ ಅನ್ನುವವರು ಸಾಲಿನ ಅಂತರವನ್ನು ಎರಡೂವರೆ ಅಡಿ ಮಾಡಿ, ಗಾಳಿಯಾಡಲಿ. ಮಚ್ಚೆ ಬಿದ್ದ ಎಲೆಯನ್ನು ಆಗಿಂದಾಗ ಕಿತ್ತು ಸುಡಿ. ಅರ್ಧಕ್ಕಿಂತ ಹೆಚ್ಚು ಗಿಡ ಕಪ್ಪಾದರೆ ದಂಟು ಪೂರ್ತಿ ಕೊಯ್ದು ದೂರ ಹಾಕಿ, ಎರಡು ವಾರ ಬಿಟ್ಟು ಇದ್ದಷ್ಟು ಅಗೆಯಿರಿ. ಕಾಯುತ್ತಾ ಕೂತರೆ ರೋಗ ಮಳೆನೀರಿನ ಜೊತೆ ಗಡ್ಡೆಗೂ ಇಳಿಯುತ್ತದೆ.

ಕೆಳಗಿನ ಎಲೆಗಳಲ್ಲಿ ಉಂಗುರದೊಳಗೆ ಉಂಗುರ ಇಟ್ಟಂಥ ಒಣ ಚುಕ್ಕೆ ಬಂದರೆ ಅದು ಬೇರೆ ರೋಗ, ಅಷ್ಟು ವೇಗದ್ದಲ್ಲ. ಅದೇ ಔಷಧಿ ಸಾಕು.

ಸೊರಗು ರೋಗದ ಪರೀಕ್ಷೆ ಮನೆಯಲ್ಲೇ ಮಾಡಬಹುದು. ನಿನ್ನೆ ಚೆನ್ನಾಗಿದ್ದ ಗಿಡ ಇವತ್ತು ಹಸಿರಾಗಿರುವಾಗಲೇ ಬಾಡಿ ನಿಂತಿದೆ, ಮಣ್ಣಿನಲ್ಲಿ ತೇವ ಇದೆ ಅಂದರೆ ಅನುಮಾನ ಪಡಿ. ಬುಡದ ದಂಟನ್ನು ಎರಡು ಇಂಚು ಕೊಯ್ದು, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಅಲ್ಲಾಡಿಸದೆ ಹಿಡಿಯಿರಿ. ಎರಡು ಮೂರು ನಿಮಿಷದಲ್ಲಿ ದಂಟಿನ ತುದಿಯಿಂದ ಹಾಲಿನಂಥ ಎಳೆ ನೀರಿಗೆ ಇಳಿಯತೊಡಗಿದರೆ ಅದು ಬ್ಯಾಕ್ಟೀರಿಯಾ. ಔಷಧಿ ಇಲ್ಲ. ಗಿಡವನ್ನು ಬುಡದ ಮಣ್ಣಿನ ಸಮೇತ ಚೀಲಕ್ಕೆ ತೆಗೆದು ಹಿತ್ತಲಿನಿಂದ ಆಚೆ ಸಾಗಿಸಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಆ ಜಾಗದಿಂದ ನೀರು ಬೇರೆ ಸಾಲಿಗೆ ಹರಿಯದಂತೆ ತಡೆಯಿರಿ.

ಎಲೆಯ ಕೆಳಗೆ ಹೇನು ಕಂಡರೆ ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಸೋಪು ನೀರು ಬೆರೆಸಿ ಸಂಜೆ ಹೊಡೆಯಿರಿ. ಹೇನು ರಸ ಹೀರುವುದಕ್ಕಿಂತ ನಂಜು ಹರಡುವುದು ದೊಡ್ಡ ಕೇಡು. ಎಲೆ ದೋಣಿಯ ಹಾಗೆ ಮೇಲಕ್ಕೆ ಮುದುರಿ ಗಟ್ಟಿಯಾದ ಗಿಡವನ್ನು ಕಿತ್ತುಬಿಡಿ. ಹೆಗ್ಗಣದ ಬಿಲ ಕಂಡರೆ ಆ ದಿನವೇ ಮುಚ್ಚಿ.

ಅಗೆಯುವುದು, ಇಡುವುದು

80ನೇ ದಿನ ದಾಟಿದ ಮೇಲೆ ಕೆಳಗಿನ ಎಲೆ ಹಳದಿಯಾಗಿ ಗಿಡ ವಾಲುತ್ತದೆ. ಅರ್ಧದಷ್ಟು ಎಲೆ ಹಳದಿಯಾದಾಗ ನೀರು ನಿಲ್ಲಿಸಿ. ಕುಡುಗೋಲಿನಿಂದ ದಂಟನ್ನು ನೆಲಮಟ್ಟಕ್ಕೆ ಕೊಯ್ದು ಹನ್ನೆರಡು ದಿನ ಬಿಡಿ. ಈ ಕಾಯುವಿಕೆಯಲ್ಲಿ ಸಿಪ್ಪೆ ಬಲಿಯುತ್ತದೆ. ಒಂದು ಗಡ್ಡೆ ತೆಗೆದು ಹೆಬ್ಬೆರಳಿನಿಂದ ಜೋರಾಗಿ ಉಜ್ಜಿ ನೋಡಿ. ಸಿಪ್ಪೆ ಜಾರಿದರೆ ಇನ್ನೂ ಐದು ದಿನ ಬೇಕು, ಕದಲದಿದ್ದರೆ ಅಗೆಯಬಹುದು. ಎಳೆ ಸಿಪ್ಪೆಯ ಗಡ್ಡೆಗೆ ರುಚಿ ಬೇರೆ, ನಿಜ. ಸಂಕ್ರಾಂತಿಗೆ ಅವರೆಕಾಳಿನ ಜೊತೆ ಬೇಕೆಂದು ಅಂಚಿನ ಎರಡು ಗಿಡ ನಾವು ಮುಂಚೆಯೇ ಕೀಳುತ್ತೇವೆ. ಇಟ್ಟು ತಿನ್ನುವುದಕ್ಕೆ ಮಾತ್ರ ಬಲಿತದ್ದೇ ಬೇಕು.

ಮಣ್ಣು ಒಣಗಿರುವ ದಿನ, ಬಿಸಿಲೇರುವ ಮುಂಚೆ, ದಿಣ್ಣೆಯ ಬದಿಯಿಂದ ಒಂದು ಗೇಣು ದೂರಕ್ಕೆ ಗುದ್ದಲಿ ಇಳಿಸಿ ಮಣ್ಣು ಮೇಲೆತ್ತಿ. ನೆತ್ತಿಗೆ ಏಟು ಹಾಕಬೇಡಿ. ಗಡ್ಡೆ ತೊಳೆಯಬೇಡಿ. ಮಣ್ಣು ಕೈಯಲ್ಲೇ ಒರೆಸಿ ನೆರಳಿಗೆ ಒಯ್ಯಿರಿ. ಏಟು ಬಿದ್ದದ್ದು, ತೂತು ಇದ್ದದ್ದು ಬೇರೆ ಮಾಡಿ ಆ ವಾರವೇ ಅಡುಗೆಗೆ ಬಳಸಿ. ಹಸಿರಾದದ್ದನ್ನು ಎಸೆಯಿರಿ. ಉಳಿದದ್ದನ್ನು ಗೋಣಿಯಡಿ ಹತ್ತು ಹನ್ನೆರಡು ದಿನ ಆರಲು ಬಿಟ್ಟರೆ ಸಣ್ಣಪುಟ್ಟ ಗಾಯ ಮಾಯುತ್ತದೆ.

ಆಮೇಲೆ ಕತ್ತಲಿರುವ, ಗಾಳಿಯಾಡುವ, ಮನೆಯಲ್ಲೇ ತಂಪಾದ ಮೂಲೆಗೆ. ಫ್ರಿಜ್ಜಿಗೆ ಬೇಡ, ಅಲ್ಲಿ ಪಿಷ್ಟ ಸಕ್ಕರೆಯಾಗಿ ಪಲ್ಯ ಸಿಹಿಯಾಗುತ್ತದೆ, ಕರಿದರೆ ಕಪ್ಪಾಗುತ್ತದೆ. ಈರುಳ್ಳಿ ಬುಟ್ಟಿಯ ಪಕ್ಕವೂ ಬೇಡ. ಫೆಬ್ರವರಿ ಬಿಸಿಲು ಏರಿದಂತೆ ಗಡ್ಡೆ ಕೊರೆಯುವ ಪತಂಗ ಬರುತ್ತದೆ. ಕಣ್ಣಿನ ಹತ್ತಿರ ಕರಿ ಹಿಕ್ಕೆಯ ಸಣ್ಣ ಗುಡ್ಡೆ ಕಂಡರೆ ಒಳಗೆ ಹುಳು ಇದೆ ಅಂತ ಅರ್ಥ. ನಮ್ಮ ಸೀಮೆಯಲ್ಲಿ ನೀಲಗಿರಿ ಮರಕ್ಕೆ ಕೊರತೆ ಇಲ್ಲ. ಒಣಗಿದ ನೀಲಗಿರಿ ಎಲೆಯನ್ನು ಒಂದು ಇಂಚು ಕೆಳಗೆ, ಒಂದು ಇಂಚು ಮೇಲೆ ಹಾಸಿ ನಡುವೆ ಗಡ್ಡೆ ಇಟ್ಟರೆ ಪತಂಗ ಹತ್ತಿರ ಸುಳಿಯುವುದು ಬಹಳ ಕಡಿಮೆ. ಬೇಲಿಯ ಲಂಟಾನ ಎಲೆಯೂ ಆಗುತ್ತದೆ. ಹೀಗೆ ಇಟ್ಟರೆ ಯುಗಾದಿ ದಾಟಿ ಇನ್ನೂ ಒಂದು ತಿಂಗಳು ತಿನ್ನಬಹುದು.

ಉಳಿದದ್ದನ್ನೇ ಮುಂದಿನ ವರ್ಷಕ್ಕೆ ಬೀಜ ಮಾಡಿಕೊಳ್ಳೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ. ಬೇಡ. ಫೆಬ್ರವರಿಯಿಂದ ಅಕ್ಟೋಬರಿನವರೆಗೆ ಎಂಟು ತಿಂಗಳು ನಮ್ಮ ಬೇಸಿಗೆಯಲ್ಲಿ ಅದು ಸುಕ್ಕಿ ಒಣಗುತ್ತದೆ. ಒಣಗದೆ ಉಳಿದರೂ ಹೇನು ತಂದ ನಂಜು ಒಳಗಿರುತ್ತದೆ, ವರ್ಷದಿಂದ ವರ್ಷಕ್ಕೆ ಇಳುವರಿ ಇಳಿಯುತ್ತದೆ. ಬೀಜಕ್ಕೆ ಪ್ರತಿ ಸೆಪ್ಟೆಂಬರಿನಲ್ಲಿ ಹೊಸದಾಗಿ ಮಾತಾಡಿ.

ಅಗೆದ ಮಡಿಯನ್ನು ಒಂದು ವಾರ ಬಿಟ್ಟು ಇನ್ನೊಮ್ಮೆ ಕೈಯಾಡಿಸಿ. ಗೋಲಿಯಂಥ ಗಡ್ಡೆಗಳು ಉಳಿದಿರುತ್ತವೆ. ಬಿಟ್ಟರೆ ಮುಂಗಾರಿಗೆ ತಾವೇ ಹುಟ್ಟಿ ರೋಗವನ್ನು ಇನ್ನೊಂದು ವರ್ಷಕ್ಕೆ ಸಾಕುತ್ತವೆ. ಅವನ್ನು ಆರಿಸಿದ ಮೇಲೆ ಆ ಜಾಗಕ್ಕೆ ನಾನು ಅಲಸಂದೆ ಹಾಕುತ್ತೇನೆ, ಮಳೆಗಾಲಕ್ಕೆ ಚೆಂಡು ಹೂ. ಮುಂದಿನ ದೀಪಾವಳಿಗೆ ಆಲೂಗಡ್ಡೆ ಹಿತ್ತಲಿನ ಇನ್ನೊಂದು ಮೂಲೆಗೆ ಹೋಗುತ್ತದೆ.